ಬಾನಿಯಲ್ಲಿ ಓಡಿದ ದೋಣಿ ಮೋಟಾರು

ನಾವು ರಿಪೇರಿ ಮಾಡಿದ ದೋಣಿ ಮೋಟಾರು ಓಡಿದ್ದು ಒಂದೇ ಸಲ, ಅದೂ ಹೊಳೆಯಲ್ಲಲ್ಲ, ನಮ್ಮ ಎಮ್ಮೆ ಕುಡಿಯುವ ಬಾನಿಯಲ್ಲಿ.

ಆಗ ಸಾಸ್ವೆಹಳ್ಳಿಯ ನಮ್ಮ ಕಡೆ ಹೊಳೆಗೆ ಸೇತುವೆ ಇರಲಿಲ್ಲ. ನಮ್ಮ ಯಜಮಾನರು ಗುಜರಿಯಿಂದ ತಂದಾಗ ಆ ಮೋಟಾರಿನೊಳಗೆ ಕಡಜ ಗೂಡು ಕಟ್ಟಿತ್ತು. ಅವರು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದರು. ನಾನು ಹಿತ್ತಾಳೆ ಬಿಂದಿಗೆ ಬೆಳಗುವ ಹಾಗೆ ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿದೆ. ಆಚೆ ದಡದ ತವರಿನಲ್ಲಿ ತಮ್ಮನ ಮಗುವಿಗೆ ತೊಟ್ಟಿಲ ಶಾಸ್ತ್ರವಿತ್ತು. "ಈ ಸಲ ಮೋಟಾರು ದೋಣಿಯಾಗೇ ಬರ್ತೀನಿ" ಎಂದು ತಮ್ಮನ ಹೆಂಡತಿಯ ಮುಂದೆ ಜಂಬ ಕೊಚ್ಚಿ ಬಂದಿದ್ದೆ.

ಶಾಸ್ತ್ರದ ಹಿಂದಿನ ಸಂಜೆ ಯಜಮಾನರು, "ಇದನ್ನ ನೀರಾಗೆ ಇಳಿಸೇ ಶುರು ಮಾಡ್ಬೇಕು" ಎಂದರು.

"ಬಾನಿ ತುಂಬ ಐತಲ್ರೀ, ಹೊಳೆಗಂಟ ಯಾಕೆ ಹೊರ್ತೀರಿ?" ಎಂದೆ.

ಬಾನಿಯಲ್ಲಿದ್ದದ್ದು ಅಕ್ಕಿ ತೊಳೆದ ನೀರು, ತೌಡು, ಹಿಂಡಿ. ಮೋಟಾರು ಗುಡುಗಿ, ಅಷ್ಟನ್ನೂ ನಮ್ಮ ಮುಖಕ್ಕೆ ಎರಚಿತು. ಮೋಟಾರು ತಣ್ಣಗಿರಲೆಂದು ನೀರೆಳೆಯುವ ಕೊಳವೆಗೆ ತೌಡು ಮೆತ್ತಿ, ಕಾದು ಹೊಗೆಯಾಡಿ ನಿಂತೇಹೋಯಿತು.

"ನಿನ್ನ ಎಮ್ಮೆಗಿಂತ ಚೆಂದಾಗಿ ತಿಂತು ಕಣೇ" ಎಂದರು ಯಜಮಾನರು, ಮೀಸೆಯ ತೌಡು ಒರೆಸಿಕೊಳ್ಳುತ್ತ.

ಮರುದಿನ ಬೆಳಿಗ್ಗೆ ತಮ್ಮನ ಹೆಂಡತಿ ಮೋಟಾರು ದೋಣಿ ತೋರಿಸಲು ಓಣಿಯ ಹೆಂಗಸರನ್ನೆಲ್ಲ ಆಚೆ ದಡಕ್ಕೆ ಕರೆತಂದಿದ್ದಳು. ನಾನು ಹರಿಗೋಲಿನಲ್ಲಿ ಎರಡು ಕುರಿಗಳ ನಡುವೆ ಕುಕ್ಕರಗಾಲಲ್ಲಿ ಕೂತು ಹೋಗಿ, ಅವರೆಲ್ಲರ ಮುಂದೆ ಇಳಿದೆ.