ಯಕ್ಷಿಗೆ ಕೊಟ್ಟ ಮುಖ

ನನ್ನ ಗಂಡ ಬರೆದ ಕಾದಂಬರಿಯ ಮೂರನೇ ಪುಟದಲ್ಲೇ ಗೊತ್ತಾಯಿತು, ಬಾವಿಯ ಯಕ್ಷಿ ನಾನಲ್ಲ ಎಂದು. ಎಡಗೆನ್ನೆಯ ಮೇಲೆ ಎಳ್ಳಿನಷ್ಟು ಮಚ್ಚೆ, ನಗುವಾಗ ಒಂದೇ ಹುಬ್ಬು ಮೇಲೇರುವುದು. ನೈರೋಬಿಯ ನಮ್ಮ ಕನ್ನಡ ಸಂಘದಲ್ಲಿ ನೃತ್ಯ ಕಲಿಸುವಾಕೆಯನ್ನು ಒಮ್ಮೆ ನೋಡಿದವರೂ ಹೇಳುತ್ತಿದ್ದರು ಅದು ಯಾರೆಂದು. ಕುಂಬಾರನ ಮಗನನ್ನು ಮೋಹಿಸಿ ಬಾವಿಯಿಂದ ಮೇಲೆ ಬರುವ ಯಕ್ಷಿಯ ಕಥೆ ಅತ್ತೆಯದು, ಇವರಿಗೆ ಚಿಕ್ಕಂದಿನಲ್ಲಿ ಹೇಳುತ್ತಿದ್ದದ್ದು. ಇವರು ಅದಕ್ಕೆ ಇನ್ನೂರು ಪುಟ ಶೃಂಗಾರ ಸೇರಿಸಿದ್ದರು. ಹದಿನಾರು ವರ್ಷ ಸಂಸಾರ ಮಾಡಿದವಳಿಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ. ಸಂಘದವರು ಓದಿ ನನ್ನನ್ನು ಕನಿಕರದಿಂದ ನೋಡಿದರಲ್ಲ, ಅದನ್ನು ಮಾತ್ರ ನಾನು ಕ್ಷಮಿಸಲಾರೆ.

ಆಮೇಲೆ ಇವರಿಗೆ ಅದನ್ನು ಕಾಮಿಕ್ ಮಾಡುವ ಹುಚ್ಚು ಹಿಡಿಯಿತು. "ಇಲ್ಲಿ ಬೆಳೆದ ಹುಡುಗ್ರಿಗೆ ಕನ್ನಡ ಅರ್ಥ ಆಗುತ್ತೆ, ಓದಲ್ಲ. ಪಿಕ್ಚರ್ ಇದ್ರೆ ಓದ್ತಾರೆ. ನೀನೇ ಡ್ರಾ ಮಾಡು ಕಣೇ," ಎಂದರು. ನಾನು ಶಾಲೆಯಲ್ಲಿ ಚಿತ್ರಕಲೆ ಕಲಿಸುವವಳು. ಆಕೆಯ ಮುಖವನ್ನು ನನ್ನ ಕೈಯಿಂದಲೇ ನೂರು ಸಲ ಬರೆಸುವ ಧೈರ್ಯ ನೋಡಿ! ಹೊಟ್ಟೆ ಉರಿಯಿತು. ಆಗಲಿ ಎಂದೆ.

ಕಾಮಿಕ್ಕಿನಲ್ಲಿ ಮೊದಲು ಪಾತ್ರದ ಮುಖವನ್ನು ಎದುರಿನಿಂದ, ಪಕ್ಕದಿಂದ, ನಗುವಾಗ, ಅಳುವಾಗ ಬರೆದು ಲೇಖಕರ ಒಪ್ಪಿಗೆ ಪಡೆಯಬೇಕು. ನಾನು ಅತ್ತೆಯ ಮದುವೆಯ ಫೋಟೋ ಹುಡುಕಿ ತೆಗೆದೆ. ಹದಿನೆಂಟರ ಹುಡುಗಿ, ಚೂಪು ಗದ್ದ, ದೊಡ್ಡ ಕಣ್ಣು. ಮೂಗುಬೊಟ್ಟು ತೆಗೆದೆ, ಜಡೆ ಬಿಚ್ಚಿ ಕೂದಲು ಹರಡಿದೆ, ಅಷ್ಟೇ.

ನೈರೋಬಿಯ ಅಂಚಿನ ಎಂಬಕಸಿಯಲ್ಲಿ ಔಷಧಿ ಗೋದಾಮಿನ ಕೆಲಸ ಮುಗಿಸಿ, ಟ್ರಾಫಿಕ್ಕಿನಲ್ಲಿ ಬೆಂದು ಬಂದ ಇವರು ಶೂ ಕೂಡ ಬಿಚ್ಚದೆ ನೋಡಿದರು.

"ಸೂಪರ್! ಈ ಮುಖ ಎಲ್ಲೋ ನೋಡಿದೀನಿ ಅನ್ಸುತ್ತೆ. ಮಚ್ಚೆ ಮರ್ತಿದೀಯಲ್ಲ?"

"ಅಷ್ಟು ಸಣ್ಣ ಚುಕ್ಕೆ ಹಾಕಿದ್ರೆ ಪ್ರಿಂಟಿಂಗ್ ಮಿಸ್ಟೇಕ್ ಅಂದ್ಕೋತಾರೆ ರೀ."

ಒಪ್ಪಿದರು. ಅಪ್ಪುಗೆಯ ಪುಟ ನೋಡಿ "ಇನ್ನೂ ಸ್ವಲ್ಪ ರೊಮ್ಯಾಂಟಿಕ್ ಆಗ್ಲಿ" ಎಂದರು. ಆಗಿಸಿದೆ. ಕುಂಬಾರನ ಮಗನಿಗೆ ಇವರದೇ ಮೂಗು ಇಟ್ಟೆ. ಆ ಐದು ತಿಂಗಳಷ್ಟು ಖುಷಿಯಿಂದ ನಾನು ಬದುಕಿನಲ್ಲಿ ಯಾವ ಕೆಲಸವನ್ನೂ ಮಾಡಿಲ್ಲ.

ಅತ್ತೆ ಮೈಸೂರಿನಿಂದ ಬರುವ ವಾರಕ್ಕೇ ಪುಸ್ತಕ ಕೈಗೆ ಸಿಗುವಂತೆ ಅಚ್ಚಿಗೆ ಕೊಟ್ಟಿದ್ದೆ. ಬಂದವರೇ ಸಂಡಿಗೆ ಡಬ್ಬಗಳನ್ನು ನನ್ನ ಕೈಗಿತ್ತು, ಕನ್ನಡಕ ಹಾಕಿಕೊಂಡು ಪುಸ್ತಕ ಬಿಡಿಸಿದರು. ಇವರು ಪಕ್ಕದಲ್ಲೇ ಬೀಗುತ್ತಾ ಕುಳಿತಿದ್ದರು.

"ಇದು ನಾನಲ್ವೇನೋ?"

ಇವರು ನೋಡಿದರು. ಮತ್ತೆ ನೋಡಿದರು. ಪುಸ್ತಕ ಕಸಿಯಲು ಕೈ ಚಾಚಿದರು, ಅತ್ತೆ ಬಿಡಲಿಲ್ಲ. ಅಪ್ಪುಗೆಯ ಪುಟಕ್ಕೆ "ಥೂ, ಇದೆಲ್ಲ ಯಾಕೋ" ಎಂದು ನಕ್ಕು ದಾಟಿಸಿದರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಕಥೆ ಹೇಳ್ದೋಳು ಅಮ್ಮ ಅಂತ ನೆನಪಿಟ್ಕೊಂಡು ನನ್ನನ್ನೇ ಬರ್ಸಿದೀಯಲ್ಲೋ."

ಅಲ್ಲ ಎಂದರೆ ಮತ್ತೆ ಯಾರು ಎಂದು ಇವರು ಹೇಳಬೇಕಿತ್ತು. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವರ ಹಾಗೆ ಕುಳಿತರು, ನುಂಗಲೂ ಆಗದೆ ಉಗುಳಲೂ ಆಗದೆ. ನಾನು ಕಾಫಿ ಸೋಸುತ್ತಾ ಕಣ್ತುಂಬ ನೋಡಿದೆ. ಇನ್ನು ಆ ಯಕ್ಷಿಯನ್ನು ನೆನೆದಾಗಲೆಲ್ಲ ಹೆತ್ತಮ್ಮನೇ ಎದುರಿಗೆ ಬರಲಿ!

ಅತ್ತೆ ಕೊನೆಯ ಪುಟ ಮುಗಿಸಿ ಮತ್ತೆ ಮೊದಲಿನಿಂದ ತಿರುವತೊಡಗಿದರು. ಏನೋ ಹುಡುಕುತ್ತಿದ್ದರು.

"ನಿನ್ನ ಎಲ್ಲಿ ಬರ್ಕೊಂಡಿದೀಯಮ್ಮಾ? ಸಿಗ್ತಾನೇ ಇಲ್ಲ."

ಬಾವಿಕಟ್ಟೆಯ ಹೆಂಗಸರು, ಊರಗೌಡ, ಕುಂಬಾರನ ಕತ್ತೆ, ಎಲ್ಲರನ್ನೂ ಬರೆದಿದ್ದೆ. ಪೆನ್ನು ನನ್ನ ಕೈಯಲ್ಲೇ ಇತ್ತು. ಐದು ತಿಂಗಳಲ್ಲಿ ಒಂದು ದಿನವೂ ನನ್ನ ಮುಖ ನನಗೇ ನೆನಪಾಗಿರಲಿಲ್ಲ.