ಜಾಯಿಕಾಯಿಯ ಎರಡು ಸುತ್ತು

ಮಗಳು ಹುಟ್ಟಿದ ಎರಡನೆಯ ದಿನ ಅವಳ ಗದ್ದ ನಡುಗತೊಡಗಿತು. ಚಳಿಯೆಂದುಕೊಂಡು ಇನ್ನೊಂದು ಕೌದಿ ಹೊದಿಸಿದೆ. ನಿಲ್ಲಲಿಲ್ಲ. ಮೇಲಿಂದ ಮೇಲೆ ಸೀನು. ಹಾಲು ಕುಡಿಯುತ್ತಲೇ ಮೊಲೆ ಬಿಟ್ಟು, ಬಟ್ಟೆ ಹರಿದ ಹಾಗೆ ಕಿರುಚುತ್ತಿದ್ದಳು.

"ಹೊಟ್ಟಿ ನೋವ ಐತಿ," ಎಂದರು ಅತ್ತೆ. ಉಗಾರದ ನಮ್ಮ ಓಣಿಯಲ್ಲಿ ಕೂಸುಗಳಿಗೆ ಗುಟ್ಟಿ, ಅಂದರೆ ಬೇರು-ಕಾಯಿಗಳ ಮನೆಮದ್ದು, ತೇಯುವುದೆಂದರೆ ಅವರೇ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಬಜೆ, ಹಿಪ್ಪಲಿ, ಜಾಯಿಕಾಯಿ ಒಂದೊಂದನ್ನೂ ಸುತ್ತು ಎಣಿಸಿ ತಾಯಿಹಾಲಿನಲ್ಲಿ ಕಲ್ಲಿನ ಮೇಲೆ ತೇಯ್ದು ನೆಕ್ಕಿಸಿದರು. ಕೂಸು ಮಲಗಲಿ ಎಂದು ಜಾಯಿಕಾಯಿ ಮಾತ್ರ ಎರಡು ಸುತ್ತು ಹೆಚ್ಚು.

ಆ ಮಗಳು ತನುವಿಗೆ ಈಗ ಏಳು ವರ್ಷ. ಎಡಗಣ್ಣು ಮೂಗಿನ ಕಡೆಗೆ ಸರಿಯುತ್ತದೆ. ಪೆನ್ಸಿಲ್ ಹಿಡಿದರೆ ಬೆರಳು ಸೋಲುತ್ತವೆ. ಒಂದು ಸಾಲು ಓದಿ ಮುಗಿಸುವಷ್ಟರಲ್ಲಿ ಎದ್ದುಹೋಗಿರುತ್ತಾಳೆ.

ಅತ್ತೆ ಗುಟ್ಟಿ ತೇಯುವುದನ್ನೇ ಬಿಟ್ಟರು. ಸ್ವಂತ ಮಗಳು ಹೆತ್ತಾಗಲೂ ಕಲ್ಲು ಮುಟ್ಟಲಿಲ್ಲ. "ಕೂಸಿನ ತಲಿ ನಾನ ಮಂದ ಮಾಡೀನಿ," ಎನ್ನುತ್ತಿದ್ದರು. ನಾನು ರೊಟ್ಟಿ ತಟ್ಟುತ್ತಲೇ ಇರುತ್ತಿದ್ದೆ.

ತಪ್ಪು ಅವರದಲ್ಲವೆಂದು ನನಗೆ ಗೊತ್ತಿತ್ತು.

ಬಸುರಿಯಾಗುವ ಮೊದಲೇ ನನಗೆ ಬೆನ್ನಿನ ಡಿಸ್ಕ್ ನೋವು. ಹತ್ತು ದಿನಕ್ಕೆಂದು ಡಾಕ್ಟರ್ ಬರೆದ ಟ್ರಾಮಡಾಲ್ ಎಂಬ, ಚಟ ಹತ್ತಿಸುವ ನೋವಿನ ಗುಳಿಗೆಯನ್ನು, ಔಷಧದಂಗಡಿಯಲ್ಲಿ ಹಳೆಯ ಚೀಟಿ ತೋರಿಸಿ ತೋರಿಸಿ, ಹೆರಿಗೆಯ ದಿನದವರೆಗೂ ನುಂಗಿದೆ. ನಡುವೆ ಬಿಡಲು ನೋಡಿದ ದಿನ ಬೆವರು, ಮೈಯೆಲ್ಲ ನಡುಕ. ಅದೇ ನಡುಕವನ್ನು ಮಗಳ ಗದ್ದದಲ್ಲಿ ಕಂಡಿದ್ದೆ. ಹೆರಿಗೆಯ ಡಾಕ್ಟರ್ ಕೇಳಿದಾಗ ಐರನ್ ಗುಳಿಗೆ ಅಷ್ಟೇ ಎಂದಿದ್ದೆ.

ಕಳೆದ ತಿಂಗಳು ಮಿರಜದಲ್ಲಿ ಮಕ್ಕಳ ಡಾಕ್ಟರ್ ಎದುರು ಅತ್ತೆಯೇ ಮೊದಲು ಬಾಯಿ ತೆರೆದರು. "ತಪ್ಪ ನಂದ ಐತ್ರಿ. ಜಾಯಿಕಾಯಿ ಎರಡ ಸುತ್ತ ಹೆಚ್ಚಾತು."

"ಅಷ್ಟಕ್ಕ ಹಿಂಗ ಆಗಂಗಿಲ್ರಿ ಆಜಿ." ಡಾಕ್ಟರ್ ನನ್ನತ್ತ ತಿರುಗಿದರು. "ಬಸರಿದ್ದಾಗ ಏನರ ಗುಳಿಗಿ ತಗೊಂಡಿದ್ರೇನ್ರಿ?"

ಅತ್ತೆಯ ಬೆರಳು ಸೆರಗಿನ ತುದಿಯನ್ನು ಹಿಂಡುತ್ತಿದ್ದವು.

ಹೇಳಿದೆ. ಎಲ್ಲವನ್ನೂ.

ಡಾಕ್ಟರ್ ಬರೆದುಕೊಂಡರು. ಎಲ್ಲವೂ ಅದರಿಂದಲೇ ಎಂದು ಖಚಿತವಾಗಿ ಹೇಳಲಾಗದು, ಆದರೆ ತಿಳಿದದ್ದು ಒಳ್ಳೆಯದಾಯಿತು, ಕಣ್ಣಿಗೂ ಕೈಗೂ ಥೆರಪಿ ಶುರು ಮಾಡೋಣ ಎಂದರು.

ಸ್ಟೇಷನ್ನಿನ ಬೆಂಚಿನ ಮೇಲೆ ಅತ್ತೆ ತನುವನ್ನು ತಮ್ಮ ಪಕ್ಕಕ್ಕೆ ಎಳೆದು ಕೂರಿಸಿಕೊಂಡರು. ಆಮೇಲೆ, "ಏಳ ವರ್ಷ ನನ್ನ ಸುಡಾಕ ಬಿಟ್ಟೆಲ್ಲವಾ," ಎಂದರು.

ತಪ್ಪಾಯಿತು ಎಂದೆ. ಅವರು ಹಳಿಗಳನ್ನೇ ನೋಡುತ್ತಿದ್ದರು.

ಮೂರು ದಿನ ನನ್ನ ಕೈಯಿಂದ ಚಹಾ ಕೂಡ ತೆಗೆದುಕೊಳ್ಳಲಿಲ್ಲ. ನಾಲ್ಕನೆಯ ದಿನ, ನಾನು ತನುವನ್ನು ಥೆರಪಿಗೆ ಕರೆದುಕೊಂಡು ಹೊರಡುವಾಗ, ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದರು.

"ನಡಿ. ನೀ ಒಬ್ಬಾಕಿನ ಹೋದ್ರ ಮತ್ತ ಏನ ಮುಚ್ಚಿಡತಿ, ಯಾರಿಗ್ಗೊತ್ತು!"

ಆ ಮಾತು ನನಗೆ ಸಲ್ಲಬೇಕಾದದ್ದೇ. ಪ್ರತಿ ವಾರ ಬರುತ್ತಾರೆ. ತನುವಿನ ಕೈ ಮಾತ್ರ ಅವರೇ ಹಿಡಿಯುತ್ತಾರೆ; ನಾನು ಒಂದು ಹೆಜ್ಜೆ ಹಿಂದೆ.