ಬಾಗಿಲಾಚೆ ಕ್ಯಾಪ್ಟನ್ ಕಂಡದ್ದೇನು?

ಮನೆಯಲ್ಲಿ ಅಕ್ಕಿ ಮುಗಿದದ್ದು ಗಮನಕ್ಕೆ ಬಾರದ ನನಗೆ, ಇಲ್ಲದ ಗ್ರಹದಿಂದ ಇಲ್ಲದ ನೌಕೆಯಲ್ಲಿ ಮರಳಿದ ಇಲ್ಲದ ಮನುಷ್ಯನೊಬ್ಬನ ಚಿಂತೆ ಹತ್ತಿ ವರ್ಷವಾಗುತ್ತ ಬಂತು. ನಾಚಿಕೆಯ ವಿಷಯವೇ. ಆದರೆ ಈ ಚಿಂತೆ ನನ್ನೊಬ್ಬಳದಲ್ಲ, ನಮ್ಮ ಇಡೀ ಕಾರಿನದು ಎನ್ನುವುದೊಂದು ಸಮಾಧಾನ.

ಬೆಳಿಗ್ಗೆ ವಾದಿ ಕಬೀರ್‌ನಿಂದ ಹೊರಟು ಮಸ್ಕತ್ತಿನ ಇನ್ನೊಂದು ತುದಿಯ ಕಚೇರಿಗಳಿಗೆ ನಮ್ಮನ್ನು ಮುಟ್ಟಿಸುವ ಕಾರು ಅದು. ಓಡಿಸುವವಳು ನಾನು, ಉಡುಪಿಯವಳು, ವಿಮಾ ಕಚೇರಿಯೊಂದರಲ್ಲಿ ಕೆಲಸ. ಪಕ್ಕದಲ್ಲಿ ಧಾರವಾಡದ ಪಾಟೀಲರು. ಕಟ್ಟಡ ಕಂಪನಿಯ ಎಂಜಿನಿಯರ್, ಹೆಂಡತಿ ಮಗಳನ್ನು ಊರಲ್ಲಿ ಬಿಟ್ಟು ತಲೆ ಬೆಳ್ಳಗಾಗುವವರೆಗೆ ಇಲ್ಲೇ ದುಡಿದವರು. ಹಿಂದಿನ ಸೀಟು ಮಂಗಳೂರಿನ ಸಿಲ್ವಿಯಾ ಬಾಯಿಗೂ ಅವರ ಊಟದ ಡಬ್ಬಿಗಳಿಗೂ ಮೀಸಲು. ಅವರು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ಮೊದಲೆಲ್ಲ ದಾರಿ ಮಧ್ಯದ ಕುರುಮ್‌ನಲ್ಲಿ ಟ್ರಾಫಿಕ್ ನಿಂತಾಗ ಚಿನ್ನದ ದರ, ವಿಮಾನದ ಟಿಕೆಟ್ಟು ಎಂದು ಮರ್ಯಾದಸ್ಥರ ಹಾಗೆ ಮಾತಾಡಿಕೊಳ್ಳುತ್ತಿದ್ದೆವು. ಆ ಇಲ್ಲದ ಮನುಷ್ಯನ ಧಾರಾವಾಹಿಯ ಗೀಳು ಅಂಟಿಸಿದವರು ಸಿಲ್ವಿಯಾ ಬಾಯಿ.

ಧಾರಾವಾಹಿಯ ಹೆಸರು ಹೇಳುವುದಿಲ್ಲ. ಕೊನೆ ಹೇಳಲಿಕ್ಕಿದ್ದೇನೆ, ನೋಡದವರ ಶಾಪ ನನಗೆ ಬೇಡ. ದೂರದ ಹಿಮಗ್ರಹದ ಗಣಿಯಲ್ಲಿ ಅರ್ಧ ಆಯುಷ್ಯ ಕಳೆದ ಕ್ಯಾಪ್ಟನ್ ಒಬ್ಬ ಭೂಮಿಗೆ ಮರಳುತ್ತಾನೆ. ನೌಕೆ ಇಳಿಯುತ್ತದೆ. ಬಾಗಿಲು ಮೆಲ್ಲಗೆ ತೆರೆಯುತ್ತದೆ. ಅವನ ಮುಖಕ್ಕೆ ಬೆಳಕು ಬೀಳುತ್ತದೆ, ಹುಬ್ಬು ಮೇಲೇರುತ್ತದೆ, ಬಾಯಿ ಅರೆತೆರೆದು ನಿಲ್ಲುತ್ತದೆ. ಅಷ್ಟೇ, ಪರದೆ ಕತ್ತಲು. ಅವನು ಏನು ಕಂಡ ಎಂದು ತಿಳಿಯಲು ಮುಂದಿನ ಸೀಸನ್ನಿಗೆ ಕಾಯಬೇಕು, ಅದು ಯಾವಾಗ ಎಂದು ಮಾಡಿದವರಿಗೇ ಗೊತ್ತಿಲ್ಲ.

ಹೀಗೆ ತುದಿಗಾಲಲ್ಲಿ ನಿಲ್ಲಿಸುವ ವಿದ್ಯೆ ಹೊಸತೇನಲ್ಲ. ನಮ್ಮೂರಿನ ಹರಿಕಥೆಯ ದಾಸರು, ಸ್ವಯಂವರದಲ್ಲಿ ರಾಜಕುಮಾರ ಬಿಲ್ಲಿಗೆ ಕೈ ಹಾಕುವ ಹೊತ್ತಿಗೆ ಸರಿಯಾಗಿ ಆರತಿ ತಟ್ಟೆ ಕಳಿಸುತ್ತಿದ್ದರು. ತಟ್ಟೆ ಸುತ್ತಿ ಬರುವವರೆಗೆ ಬಿಲ್ಲು ಏಳುತ್ತಿರಲಿಲ್ಲ. ವಾರಪತ್ರಿಕೆಯ ಕಾದಂಬರಿಗಳಂತೂ ನಾಯಕಿ ಬಾವಿಯ ಕಟ್ಟೆ ಹತ್ತಿದ ಕೂಡಲೇ ‘ಸಶೇಷ’ ಎಂದು ಕೈತೊಳೆದುಕೊಳ್ಳುತ್ತಿದ್ದವು. ನನ್ನ ದೊಡ್ಡಮ್ಮ ಅಂಥ ಒಬ್ಬಳಿಗಾಗಿ ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ. ಮುಂದಿನ ವಾರ ಆ ನಾಯಕಿ ನೀರು ಸೇದಲು ಹತ್ತಿದ್ದಳೆಂದು ತಿಳಿದಾಗ, ಬದುಕಿದಳಲ್ಲ ಎಂದು ಸಂತೋಷಪಡುವ ಬದಲು ಸಿಟ್ಟಾದಳು.

ಈಗಿನ ಅಭಿಮಾನಿಗಳು ಊಟ ಬಿಡುವುದಿಲ್ಲ, ಥಿಯರಿ ಕಟ್ಟುತ್ತಾರೆ. ಕ್ಯಾಪ್ಟನ್ನನ ನೆರಳು ಅಳೆದರು, ಕಣ್ಣಿನ ಪ್ರತಿಬಿಂಬವನ್ನು ಹಿಗ್ಗಿಸಿ ನೋಡಿದರು, ಕೊನೆಯ ಗಳಿಗೆಯ ಸದ್ದನ್ನು ನಿಧಾನಗೊಳಿಸಿ ಒಬ್ಬರು ಹಕ್ಕಿ ಎಂದರು, ಇನ್ನೊಬ್ಬರು ಅಳು ಎಂದರು. ಬಾಗಿಲಾಚೆ ಅವನಂತೆಯೇ ಇರುವ ಇನ್ನೊಬ್ಬ ಕ್ಯಾಪ್ಟನ್ ನಿಂತಿದ್ದಾನೆ ಎಂಬುದು ನನ್ನ ಥಿಯರಿ. ಹೆಮ್ಮೆಯಿಂದ ಅಂತರ್ಜಾಲದ ಅಭಿಮಾನಿ ಬಳಗದಲ್ಲಿ ಬರೆದೆ. ‘ಇದನ್ನು ಎಲ್ಲರೂ ಹೇಳಿ ಮುಗಿಸಿದ್ದಾರೆ ಅಜ್ಜಿ’ ಎಂದು ಯಾರೋ ಉತ್ತರಿಸಿದರು. ಮುಖವನ್ನೇ ನೋಡದೆ ವಯಸ್ಸು ಹೇಗೆ ತಿಳಿಯಿತೋ, ಅದೇ ಬೇರೆ ರಹಸ್ಯ.

ಸಿಲ್ವಿಯಾ ಬಾಯಿಯದು ಖಡಾಖಂಡಿತ ಅಭಿಪ್ರಾಯ. “ಅಲ್ಲಿ ಯಾರೂ ಇಲ್ಲ ಮಾರಾಯ್ರೆ. ಇವ ಬರುವಾಗ ಭೂಮಿಯೇ ಖಾಲಿ. ಬರೀ ಮರಳು.”

ಪಾಟೀಲರು ಮಾತ್ರ ಕಾಗದಪತ್ರದ ಮನುಷ್ಯ. “ಅಲ್ರೀ ಮೇಡಂ, ಇಷ್ಟ ವರ್ಷ ಹೊರಗಿದ್ದಾಂವಂದು ರೆಸಿಡೆನ್ಸ್ ಕಾರ್ಡ್ ರಿನ್ಯೂ ಆಗಿರ್ತೈತೇನ್ರೀ? ಬಾಗಲಾ ತಗದ್ರ ಎದುರಿಗಿ ಇಮಿಗ್ರೇಶನ್ ಆಫೀಸರ್ ನಿಂತಿರ್ತಾನ ನೋಡ್ರಿ. ಅದಕ್ಕ ಬಾಯಿ ತಗದಾನ ಅಂವಾ.”

ನಕ್ಕು ನಕ್ಕು ನಾನು ತಿರುವು ತಪ್ಪಿಸಿಕೊಂಡ ದಿನ ಅದು. ಗಲ್ಫಿನಲ್ಲಿ ಇರುವವರಿಗಲ್ಲದೆ ಬೇರೆ ಯಾರಿಗೂ ಈ ಥಿಯರಿ ಹೊಳೆದಿರಲಿಕ್ಕಿಲ್ಲ. ಬಾಗಿಲು ಎಂದೊಡನೆ ನಮಗೆ ನೆನಪಾಗುವುದು ಅದರ ಪಕ್ಕದ ಕೌಂಟರು.

ಕಾರಿನಲ್ಲಿ ಒಂದು ಕಾನೂನೂ ಇತ್ತು, ಮಾಡಿದವಳು ನಾನೇ. ಮುಂದೆ ಎಂದಾದರೂ ಹೊಸ ಸೀಸನ್ ಬಂದಾಗ, ಮೊದಲು ನೋಡಿದವರು ಉಳಿದವರ ಮುಂದೆ ತುಟಿ ಬಿಚ್ಚಬಾರದು. ಗಾಡಿಯೊಳಗೆ ಸ್ಪಾಯ್ಲರ್ ಕೊಟ್ಟವರನ್ನು ಅಲ್ಲೇ ಇಳಿಸಲಾಗುವುದು.

ಚಳಿಗಾಲ ಮುಗಿಯುವ ಹೊತ್ತಿಗೆ ಪಾಟೀಲರ ಪ್ರಾಜೆಕ್ಟ್ ಮುಗಿಯಿತು. ಕಂಪನಿ ಖಲಾಸ್ ಎಂದಿತು. ಊರಿಗೆ, ಈ ಸಲ ಕಾಯಂ ಆಗಿ. ನಾವು ಅಭಿನಂದಿಸಿದೆವು, ಅವರು ತಲೆಯಾಡಿಸಿದರು. ಮರುದಿನ ಕುರುಮ್‌ನಲ್ಲಿ ಗಾಡಿ ನಿಂತಾಗ ಕಿಟಕಿಯಾಚೆ ನೋಡುತ್ತ ಹೇಳಿದರು: “ನನ್ನ ಥಿಯರಿ ಬದಲಿ ಆತ್ರೀ. ಬಾಗಲದಾಗ ಎಲ್ಲಾರೂ ನಿಂತಾರ. ಆದ್ರ ಇಂವನ್ನ ಏನ ಮಾಡಬೇಕು ಅನ್ನೂದು ಅವ್ರಿಗೆ ತಿಳಿವಲ್ದು.”

“ಎಂತ ಹಾಗಂದ್ರೆ?” ಎಂದರು ಸಿಲ್ವಿಯಾ ಬಾಯಿ.

“ವರ್ಷಕ್ಕ ಒಮ್ಮೆ ರಜಾಕ್ಕ ಹೋಗಾಂವಗ ಹೋಳಿಗಿ ಮಾಡ್ತಾರ್ರೀ. ಹಾಸಿಗಿ ಹೊಸಾದು ಹಾಸ್ತಾರ. ದಿನಾ ಮನ್ಯಾಗ ಇರಾಂವಗ ಏನ ಮಾಡ್ತಾರ?”

ಇದು ಕ್ಯಾಪ್ಟನ್ನನ ಮಾತಲ್ಲವೆಂದು ತಿಳಿಯಲು ಯಾವ ಪ್ರತಿಬಿಂಬವನ್ನೂ ಹಿಗ್ಗಿಸಬೇಕಾಗಿರಲಿಲ್ಲ. ನನಗೂ ಒಂದು ದಿನ ಇದೇ ಬಾಗಿಲು ಇದೆಯಲ್ಲ ಎಂದು ಹೆದರಿಕೆಯಾಯಿತು. ಹಿಂದಿನವರು ಹಾರ್ನ್ ಹೊಡೆದ ಮೇಲೆಯೇ ಗಾಡಿ ಹೊರಟದ್ದು.

ಸ್ವಲ್ಪ ಹೊತ್ತಿಗೆ ಸಿಲ್ವಿಯಾ ಬಾಯಿ ಕೆಮ್ಮಿದರು. “ನಂದೂ ಬದಲಾಯಿತು. ಭೂಮಿ ಖಾಲಿ ಇಲ್ಲ. ಎಲ್ಲ ಜನ ಉಂಟು, ಬ್ಯಾಂಡ್ ಸಹ ಉಂಟು.” ನಾನೂ ನನ್ನ ಇನ್ನೊಬ್ಬ ಕ್ಯಾಪ್ಟನ್ನನನ್ನು ಆ ಕ್ಷಣವೇ ವಜಾ ಮಾಡಿದೆ. ಅಭಿಮಾನಿಯೊಬ್ಬಳು ಥಿಯರಿ ಬಿಟ್ಟುಕೊಡುವುದೆಂದರೆ ಆಸ್ತಿಯ ಪಾಲು ಬಿಟ್ಟುಕೊಟ್ಟ ಹಾಗೆ. ಪಾಟೀಲರು ಮೀಸೆಯಡಿ ನಕ್ಕು, “ನನ್ನ ಸಲುವಾಗಿ ಕಥಿ ತಿದ್ದಬ್ಯಾಡ್ರಿ. ನಾನ ಹೋಗಿ ನೋಡಿ ಹೇಳ್ತೀನಿ” ಎಂದರು.

ಹೋದರು. ಮೊದಲ ವಾರ ಸುದ್ದಿಯಿಲ್ಲ. ಖಾಲಿ ಸೀಟಿಗೆ ಬಡ್ತಿ ಪಡೆದ ಸಿಲ್ವಿಯಾ ಬಾಯಿ ಡಬ್ಬಿಗಳ ಸಮೇತ ಮುಂದೆ ಬಂದರು. ನಾವಿಬ್ಬರೂ ಹೊಸ ವಿಷಯದ ಮೇಲೆ ಥಿಯರಿ ಕಟ್ಟತೊಡಗಿದೆವು. ಸಂತೋಷದಲ್ಲಿ ನಮ್ಮನ್ನು ಮರೆತಿದ್ದಾರೆ ಎಂದು ಅವರು, ಬೇಸರದಲ್ಲಿ ಮೌನವಾಗಿದ್ದಾರೆ ಎಂದು ನಾನು. ಕ್ಯಾಪ್ಟನ್ ಮಾತೇ ಬರಲಿಲ್ಲ.

ಆಮೇಲೊಂದು ಬೆಳಿಗ್ಗೆ, ಅದೇ ಕುರುಮ್‌ನ ಟ್ರಾಫಿಕ್ಕಿನಲ್ಲಿ, ಸಿಲ್ವಿಯಾ ಬಾಯಿಯ ಫೋನಿಗೆ ಪಾಟೀಲರ ಧ್ವನಿ ಸಂದೇಶ ಬಂತು. “ನಮಸ್ಕಾರ್ರೀ ಇಬ್ರಿಗೂ. ಬಾಗಲಾ ತಗೀತ್ರೀ. ಏನ ಕಂಡೆ ಅಂತ ಮಾತ್ರ ಹೇಳಂಗಿಲ್ಲ. ಸ್ಪಾಯ್ಲರ್ ಕೊಡಬಾರ್ದಂತ ರೂಲ್ ಮಾಡಿದಾವ್ರು ನೀವ. ಕಾಯ್ರಿ!”

“ಇವರನ್ನು ಊರಿಗೆ ಹೋಗಿ ಹೊಡಿಬೇಕು!” ಎಂದು ಸಿಲ್ವಿಯಾ ಬಾಯಿ ಕೂಗುವಷ್ಟರಲ್ಲಿ, ಫೋನಿನೊಳಗೆ ಪಾತ್ರೆಯೊಂದು ಠಣ್ಣೆಂದಿತು. ಹಿಂದಿನಿಂದ ಹೆಂಗಸಿನ ಧ್ವನಿ, ಏರಿದ ಸ್ವರದಲ್ಲಿ: “ಎಷ್ಟ ಹೊತ್ತರೀ ಆ ಫೋನ್? ಚೀಲ ಹಿಡ್ಕೊಂಡು ನಿಂತೀನಿ. ಕಾಯಿಪಲ್ಯೆ ತರಾಕ ಹೋಗ್ತೀರೋ ಇಲ್ಲೋ?” ಅಲ್ಲಿಗೆ ಸಂದೇಶ ಮುಗಿಯಿತು.

ಇಬ್ಬರೂ ಮತ್ತೆ ಕೇಳಿದೆವು. ಮತ್ತೆ. ಪಾತ್ರೆಯ ಸದ್ದಿನಿಂದ ಹಿಡಿದು ಕೊನೆಯ ಮಾತಿನವರೆಗೆ, ಅಭಿಮಾನಿಗಳು ಕ್ಯಾಪ್ಟನ್ನನನ್ನೂ ಇಷ್ಟು ಶ್ರದ್ಧೆಯಿಂದ ಕೇಳಿರಲಿಕ್ಕಿಲ್ಲ.

“ಪಾಪ, ಬೈಸಿಕೊಳ್ತಾ ಇದ್ದಾರೆ” ಎಂದರು ಸಿಲ್ವಿಯಾ ಬಾಯಿ.

“ಬೈಸಿಕೊಳ್ಳಲಿ” ಎಂದೆ. ನನಗೆ ಕುಣಿಯುವಷ್ಟು ಖುಷಿಯಾಗಿತ್ತು. ರಜೆಗೆ ಬಂದವನ ಕೈಗೆ ಯಾರೂ ಚೀಲ ಕೊಡುವುದಿಲ್ಲ.

ಆ ದಿನ ಕಚೇರಿಯಲ್ಲಿ ಮೊದಲು ಮಾಡಿದ ಕೆಲಸವೆಂದರೆ ಅಭಿಮಾನಿ ಬಳಗದಲ್ಲಿ ನನ್ನ ಹೊಸ ಥಿಯರಿ ಬರೆದದ್ದು: ಬಾಗಿಲಾಚೆ ಕ್ಯಾಪ್ಟನ್ನನ ಹೆಂಡತಿ ಚೀಲ ಹಿಡಿದು ನಿಂತಿದ್ದಾಳೆ, ಇವನು ತರಕಾರಿ ತರಬೇಕು. ಸಂಜೆಗೆ ಉತ್ತರ ಬಂತು: ‘ಇದನ್ನು ಮಾತ್ರ ಇನ್ನೂ ಯಾರೂ ಹೇಳಿರಲಿಲ್ಲ, ಅಜ್ಜಿ.’